ಅಲ್ಲ ಎನ್ನಬಾರದ ಮನೆ

ಧಾರವಾಡದ ಹೊರಗೆ, ಕಲಘಟಗಿ ರಸ್ತೆಯ ಏರಿನ ಮೇಲಿದ್ದ ಆ ಮರೆವಿನ ಸಂಶೋಧನಾ ಕೇಂದ್ರಕ್ಕೆ ಯಾರು ಹೊಸದಾಗಿ ಸೇರಿದರೂ ಮೊದಲ ದಿನ ಒಂದೇ ಪಾಠ ಇರುತ್ತಿತ್ತು. ಸೇರಿದವರು ದೊಡ್ಡ ಡಾಕ್ಟರೇ ಇರಲಿ, ಅಡಿಗೆಯವರೇ ಇರಲಿ, ಪಾಠದಲ್ಲಿ ರಿಯಾಯಿತಿ ಇರಲಿಲ್ಲ. ಮರೆವಿನವರು ಏನೇ ಹೇಳಲಿ, ಅವರಿಗೆ "ಅಲ್ಲ" ಎನ್ನಬಾರದು. ಒಬ್ಬ ಅಜ್ಜ ಬಂದು "ಇದು ಹುಬ್ಬಳ್ಳಿ ಸ್ಟೇಷನ್ ಹೌದಲ್ಲೊ?" ಎಂದು ಕೇಳಿದರೆ ಹೌದು ಎನ್ನಬೇಕು. ಗಾಡಿ ಸ್ವಲ್ಪ ತಡ ಐತಿ, ಅಷ್ಟರಾಗ ಚಹಾ ಕುಡೀರಿ ಎನ್ನಬೇಕು. ಚಹಾ ಮುಗಿಯುವುದರೊಳಗೆ ಅಜ್ಜನಿಗೆ ಗಾಡಿಯೂ ಮರೆತಿರುತ್ತದೆ, ಸ್ಟೇಷನ್ನೂ ಮರೆತಿರುತ್ತದೆ. ಯಾರಿಗೂ ನಷ್ಟವಿಲ್ಲ.

ಈ ನಿಯಮ ಮಾಡಿದವರು ಕೇಂದ್ರದ ಮುಖ್ಯಸ್ಥೆ ಡಾ. ವಿಶಾಲಾಕ್ಷಿ ಹಾವನೂರ. ಪುಸ್ತಕ ಓದಿ ಮಾಡಿದ್ದಲ್ಲ. ಅವರ ತಂದೆಗೆ ಮರೆವು ಹತ್ತಿದಾಗ ತಂದೆ ದಿನಾ ಬೆಳಿಗ್ಗೆ ಎದ್ದು "ನಿಮ್ಮವ್ವ ಎಲ್ಲಿ?" ಎಂದು ಕೇಳುತ್ತಿದ್ದರು. ಆಗಿನ್ನೂ ಸತ್ಯದ ಮೇಲೆ ಭಾರೀ ಭಕ್ತಿಯಿದ್ದ ತರುಣಿ ವಿಶಾಲಾಕ್ಷಿ "ಅವ್ವ ತೀರಿಕೊಂಡಾಳಪ್ಪಾ" ಎಂದು ದಿನಾ ಹೇಳುತ್ತಿದ್ದರು. ತಂದೆ ದಿನಾ ಹೊಸದಾಗಿ ಅಳುತ್ತಿದ್ದರು. ಹಾಗೆ ಅದೆಷ್ಟು ಸಲ ಒಬ್ಬ ಮನುಷ್ಯನನ್ನು ವಿಧುರನನ್ನಾಗಿ ಮಾಡಿದೆನೋ ಎಂಬ ಸಂಕಟ ಡಾಕ್ಟರನ್ನು ಬಿಟ್ಟಿರಲಿಲ್ಲ. ಆ ಸಂಕಟದಿಂದ ಹುಟ್ಟಿದ ನಿಯಮವನ್ನು ಯಾರು ತಪ್ಪೆಂದಾರು?

ನಿಯಮ ಒಳ್ಳೆಯದೇ ಆಗಿತ್ತು. ಮರೆಯುವವರಿಗೆ ಹೇಳಿದ ಸುಳ್ಳು ಎಲ್ಲಿಯೂ ನಿಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ ಅದು ನಿಂತಿತ್ತು. ಆಮೇಲೆ ಕೇಂದ್ರಕ್ಕೆ ಯಂತ್ರ ಬಂತು. ನಿಯಮ ಮಾತ್ರ ಹಾಗೇ ಉಳಿಯಿತು.

ಯಂತ್ರಕ್ಕೆ ಉದ್ದನೆಯ ವೈಜ್ಞಾನಿಕ ಹೆಸರಿತ್ತು. ಕೇಂದ್ರದವರು ಅದನ್ನು ಗಂಟು ಎಂದೇ ಕರೆಯುತ್ತಿದ್ದರು. ಅದನ್ನು ಕಟ್ಟಿ ನಿಲ್ಲಿಸಿದ ಎಂಜಿನಿಯರ್ ಇಮ್ತಿಯಾಜ್ ಮುಲ್ಲಾ, ನೋಡಲು ಬಂದವರಿಗೆಲ್ಲ ಅದರ ತತ್ವವನ್ನು ಸಲೀಸಾಗಿ ಹೇಳಿಬಿಡುತ್ತಿದ್ದ. ನೆನಪು ಎನ್ನುವುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ. ಪ್ರತಿ ಸಲ ನೆನೆದಾಗಲೂ ಅದು ಸ್ವಲ್ಪ ಹೊತ್ತು ಹಸಿಯಾಗುತ್ತದೆ, ಗೋಡೆಗೆ ಆಗತಾನೆ ಬಳಿದ ಗಾರೆಯ ಹಾಗೆ. ನಮ್ಮ ನಿಮ್ಮ ಮಿದುಳಿನಲ್ಲಿ ಅದು ತಾನಾಗಿ ಮತ್ತೆ ಒಣಗಿ ಗಟ್ಟಿಯಾಗುತ್ತದೆ. ಮರೆವಿನ ರೋಗದಲ್ಲಿ ಗಟ್ಟಿಯಾಗದೆ ಉದುರಿಹೋಗುತ್ತದೆ. ಆದ್ದರಿಂದ ರೋಗಿಯ ತಲೆಗೊಂದು ಟೋಪಿ ಹಾಕಿ, ಕೈಗೊಂದು ಔಷಧ ಹನಿಸಿ, ಮಾತನಾಡಿಸುವುದು. ನೆನಪು ಹಸಿಯಾಗಿರುವ ಹೊತ್ತಿಗೆ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿಯ ಅಲೆಗಳನ್ನು ಮಿದುಳಿನ ಆಳಕ್ಕೆ ಕಳಿಸುವುದು. ಆ ಹೊತ್ತಿಗೆ ಮನಸ್ಸಿನಲ್ಲಿ ಏನಿದೆಯೋ ಅದು ಗಂಟು ಬೀಳುತ್ತದೆ.

ಒಂದೇ ಷರತ್ತು. ರೋಗಿಯ ಮನಸ್ಸು ಶಾಂತವಾಗಿರಬೇಕು. ಗಾಜಿನ ಗೋಡೆಯ ಆಚೆ, ಇಮ್ತಿಯಾಜನ ಕೋಣೆಯ ಪರದೆಯ ಮೇಲೆ ಒಂದು ಹಸಿರು ಗೆರೆ ಓಡುತ್ತಿರುತ್ತಿತ್ತು. ರೋಗಿಗೆ ಗಾಬರಿಯಾದರೆ ಗೆರೆ ಎದ್ದು ಕುಣಿಯುತ್ತದೆ, ಯಂತ್ರ ತಾನೇ ನಿಂತುಬಿಡುತ್ತದೆ. ಹೀಗಾಗಿ ಯಂತ್ರಕ್ಕೆ ವಿಜ್ಞಾನಿಗಳಿಗಿಂತ ಹೆಚ್ಚಾಗಿ, ರೋಗಿಯ ಪಕ್ಕ ಕೂತು ಹಿತವಾಗಿ ಮಾತಾಡುವ ಒಬ್ಬರು ಬೇಕಾಗಿದ್ದರು. ಆ ಕೆಲಸದಲ್ಲಿ ಕಸ್ತೂರಿ ಬಡಿಗೇರಳನ್ನು ಮೀರಿಸುವವರು ಕೇಂದ್ರದಲ್ಲಿ ಯಾರೂ ಇರಲಿಲ್ಲ.

ಕಸ್ತೂರಿ ನರ್ಸ್. ಗುಂಡು ಮುಖ, ಅವಸರವಿಲ್ಲದ ದನಿ. ಎಂಥ ಸಿಡುಕು ಮುದುಕರೂ ಅವಳ ಹತ್ತಿರ ಮೆತ್ತಗಾಗುತ್ತಿದ್ದರು. ಅವಳು ಪಕ್ಕದಲ್ಲಿ ಕೂತರೆ ಹಸಿರು ಗೆರೆ ಕೆರೆಯ ನೀರಿನ ಹಾಗೆ ಸುಮ್ಮನಾಗುತ್ತಿತ್ತು. "ನೀ ಇದ್ದರ ನನಗ ಇಲ್ಲಿ ಕೆಲಸನ ಇಲ್ಲ ನೋಡವ್ವಾ" ಎಂದು ಇಮ್ತಿಯಾಜ್ ಚೇಷ್ಟೆ ಮಾಡುತ್ತಿದ್ದ.

ಅವಳಿಗೆ ವಹಿಸಿದ ರೋಗಿಗಳಲ್ಲಿ ಸುಂದರಾಬಾಯಿ ಬೆಟಗೇರಿ ಒಬ್ಬರು.

ಸುಂದರಾಬಾಯಿ ಒಂದು ಕಾಲಕ್ಕೆ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅಡತಿ ಅಂಗಡಿಗಳ, ಡಾಕ್ಟರುಗಳ, ವಕೀಲರ ನಂಬರುಗಳೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು. ಗಂಡ ಬೇಗ ಹೋದ. ಒಬ್ಬಳೇ ಮಗಳು ವನಮಾಲಾ. ಹೆಡ್‌ಫೋನು ತಲೆಗೆ ಸಿಕ್ಕಿಸಿಕೊಂಡು, ತೊಡೆಯ ಮೇಲೆ ಮಗಳನ್ನು ಮಲಗಿಸಿಕೊಂಡು ಎಷ್ಟೋ ಪಾಳಿ ಮುಗಿಸಿದ ಹೆಂಗಸು. ಆ ಮಗಳು ಈಗ ಗದಗಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್.

ಅಮ್ಮನಿಗೆ ಮರೆವು ಹತ್ತಿದಾಗ ವನಮಾಲಾ ಕೆಲವು ವರ್ಷ ಮನೆಯಲ್ಲೇ ನೋಡಿಕೊಂಡಳು. ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಅವಳದು ತಪ್ಪು ಕಂಡಲ್ಲಿ ಕೆಂಪು ಪೆನ್ನು ಹಾಯಿಸುವ ಜಾತಿ. ಸಂಜೆ ಶಾಲೆಯಿಂದ ಬಂದು ಸೀರೆ ಬದಲಿಸುವ ಮೊದಲೇ ಶುರು. "ಅವ್ವಾ, ಇವತ್ತ ಯಾವ ವಾರ? ಅಲ್ಲ. ನೆನಪ ಮಾಡ್ಕೊ. ಇಕಿ ಯಾರು? ಅಲ್ಲವ್ವಾ, ತಂಗಿ ಅಲ್ಲ, ನಾ ನಿನ್ನ ಮಗಳು. ಹೇಳು, ವ-ನ-ಮಾ-ಲಾ." ಹೀಗೆ ಮಾಡಿದರೆ ಅಮ್ಮನ ಬುದ್ಧಿ ಜಾರದೆ ನಿಂತೀತು ಎಂದು ಅವಳು ನಂಬಿದ್ದಳು. ಅಮ್ಮ ಮಾತ್ರ ದಿನದಿನಕ್ಕೆ ಮುದುಡಿದಳು. ಕೊನೆಗೆ ಮಗಳ ಸ್ಕೂಟರಿನ ಸದ್ದು ಕೇಳಿದರೆ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಳ್ಳುವಂತಾದಳು. ಬಾಗಿಲ ಹೊರಗೆ ನಿಂತು ವನಮಾಲಾ "ನಾನವ್ವಾ, ನಾನು" ಎಂದು ಅತ್ತದ್ದು ಓಣಿಗೆಲ್ಲ ಕೇಳಿಸುತ್ತಿತ್ತು.

ಕೇಂದ್ರಕ್ಕೆ ಕರೆತಂದ ಮೇಲೂ ಅದೇ ಕಥೆಯಾಯಿತು. ಮಗಳು ಕೋಣೆಯೊಳಗೆ ಬಂದರೆ ಸಾಕು, ಗೆರೆ ಎದ್ದು ಕುಣಿಯುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಡಾ. ಹಾವನೂರ ವನಮಾಲಾಳನ್ನು ತಮ್ಮ ಕೋಣೆಗೆ ಕರೆದು ಕೂಡಿಸಿದರು.

"ಸ್ವಲ್ಪ ದಿನ ನೀವು ಬರಬ್ಯಾಡ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅವರಿಗೆ. ನಿಮ್ಮನ್ನ ನೋಡಿದ ಕೂಡಲೆ ಪರೀಕ್ಷಾ ಶುರು ಆತು ಅಂತ ಹೆದರ್ತಾರ. ಗಂಟು ಬಿಗಿ ಆಗಲಿ, ನಾವ ಕರೀತೀವಿ."

"ಎಷ್ಟು ದಿನ ಡಾಕ್ಟರ?"

"ತಿಂಗಳುಗಟ್ಟಲೆ ಆಗಬಹುದು. ಬಂದಾಗ ಅವ್ವ ನಿಮ್ಮನ್ನ ಹೆಸರು ಹಿಡಿದು ಕರೀತಾರ, ನೋಡ್ರಿ."

ವನಮಾಲಾ ಒಪ್ಪಿದಳು. ಆ ಒಂದು ಕರೆಯ ಆಸೆಗೆ ಅವಳು ಇನ್ನೇನನ್ನಾದರೂ ಒಪ್ಪುತ್ತಿದ್ದಳು. ಹೋಗುವಾಗ ಗಾಜಿನ ಆಚೆಯಿಂದ ಅಮ್ಮನನ್ನು ನೋಡಿದಳು. ಕಸ್ತೂರಿ ಅಮ್ಮನ ಜಡೆ ಹಾಕುತ್ತಿದ್ದಳು. ಎಷ್ಟು ಸಮಾಧಾನದಲ್ಲಿ ಕೂತಿದ್ದಾಳೆ ಎಂದು ವನಮಾಲಾಳಿಗೆ ಸಂತೋಷವೂ ಆಯಿತು, ಆ ಜಡೆ ತನ್ನ ಕೈಯದಲ್ಲವಲ್ಲ ಎಂದು ಸಂಕಟವೂ ಆಯಿತು.

ಸುಂದರಾಬಾಯಿ ಕಸ್ತೂರಿಯನ್ನು ಮೊದಲ ಸಲ "ವನೂ" ಎಂದು ಕರೆದದ್ದು ಟೋಪಿ ಹಾಕಿಕೊಂಡು ಕೂತಾಗಲೇ. ಕಸ್ತೂರಿ ಕೇಂದ್ರದ ಪಾಠವನ್ನು ಚಾಚೂ ತಪ್ಪದೆ ಪಾಲಿಸುವವಳು. "ಹೇಳವ್ವಾ" ಎಂದಳು. ಗೆರೆ ಮೆಲ್ಲಗೆ ಇಳಿದು ನೆಟ್ಟಗಾಯಿತು. ಇಮ್ತಿಯಾಜ್ ಆಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ.

ಅಲ್ಲಿಂದ ಮುಂದೆ ಎಲ್ಲವೂ ಸರಾಗ. ವನೂ ಹುಟ್ಟಿದಾಗ ಎಕ್ಸ್‌ಚೇಂಜಿನವರೆಲ್ಲ ಸೇರಿ ಬೆಳ್ಳಿ ಕಾಲ್ಗೆಜ್ಜೆ ಕೊಟ್ಟದ್ದು, ವನೂಗೆ ದಡಾರ ಬಂದಾಗ ಬೇವಿನೆಲೆ ಹಾಸಿ ಮಲಗಿಸಿದ್ದು, ವನೂ ಬರೆಯುವ ಪಾಟಿ ಒಡೆದುಕೊಂಡು ಬಂದು ಕೋಳಿಯ ಮೇಲೆ ತಪ್ಪು ಹೊರಿಸಿದ್ದು. ಒಂದೊಂದೇ ನೆನಪು ಆಳದಿಂದ ಎದ್ದು ಬಂತು. ಪ್ರತಿಯೊಂದನ್ನೂ ಸುಂದರಾಬಾಯಿ ಎದುರಿಗಿದ್ದ ಗುಂಡು ಮುಖವನ್ನು ನೋಡುತ್ತ ಹೇಳಿದರು. "ನೆನಪೈತೇನ ವನೂ?" ಎಂದು ಕೇಳಿದರು. "ಹೌದವ್ವಾ" ಎಂದಳು ಕಸ್ತೂರಿ. ಯಂತ್ರ ತನ್ನ ಕೆಲಸ ಮಾಡಿತು.

ಪರೀಕ್ಷೆಗಳಲ್ಲಿಯೂ ಯಾರಿಗೂ ಅನುಮಾನ ಬರಲಿಲ್ಲ. ನಿಮಗೆ ಮಕ್ಕಳೆಷ್ಟು? ಒಬ್ಬಾಕಿ. ಹೆಸರು? ವನಮಾಲಾ. ಕೆಲಸ? ಗಣಿತದ ಟೀಚರ್. ಪುಟ್ಟ ವನಮಾಲಾಳ ಲಂಗದ ಫೋಟೋ ತೋರಿಸಿದರೆ ತಟ್ಟನೆ ಗುರುತು ಹಿಡಿದರು. ಈಗಿನ ಫೋಟೋ ತೋರಿಸಲೇ ಇಲ್ಲ. ಮರೆವಿನವರಿಗೆ ಹೊಸ ಫೋಟೋ ತೋರಿಸಿದರೆ ಗಾಬರಿಯಾಗುತ್ತಾರೆ, ತೋರಿಸಬಾರದು ಎಂಬುದೂ ಅದೇ ನಿಯಮದ ಒಂದು ಬಾಲವಾಗಿತ್ತು. ವನಮಾಲಾ ಯಾರೆಂದು ಕೇಳಿದ ವಿಜ್ಞಾನಿಗಳಿಗೆ, ಪಕ್ಕದಲ್ಲಿ ಕೂತ ಈಕೆ ಯಾರು ಎಂದೂ ಕೇಳಬೇಕು ಅಂತ ಹೊಳೆಯಲಿಲ್ಲ.

ಕರೆ ಬಂದ ದಿನ ವನಮಾಲಾ ಶಾಲೆಗೆ ರಜೆ ಹಾಕಿದಳು. ಬೆಳಿಗ್ಗೆ ಎದ್ದು ಕರಿಗಡಬು ಮಾಡಿದಳು. ಅಮ್ಮನಿಗೆ ಬಲು ಇಷ್ಟ. ಹಸಿರು ಇಳಕಲ್ ಸೀರೆ ಉಟ್ಟಳು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಏನನ್ನೂ ಕೇಳಬಾರದು, ವಾರ ಕೇಳಬಾರದು, ತಿದ್ದಬಾರದು ಎಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತ ಬಂದಳು.

ಕೇಂದ್ರದ ಅಂಗಳದಲ್ಲಿ ಬೇವಿನ ಮರದ ಕೆಳಗೆ ಸುಂದರಾಬಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೇಪರ್ ಓದುತ್ತಿದ್ದರು. ಪೇಪರ್! ವನಮಾಲಾಳ ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ನಿಂತಳು. ಸುಂದರಾಬಾಯಿ ಕನ್ನಡಕದ ಮೇಲಿಂದ ನೋಡಿದರು. ಹೆದರಲಿಲ್ಲ. ಮುಖದಲ್ಲಿ ಮೊದಲಿನ ಮಂಕು ಇರಲಿಲ್ಲ.

"ಬರ್ರಿ, ಕೂಡ್ರಿ" ಎಂದರು. ಆಮೇಲೆ ಒಳಗಿನ ಕಡೆ ತಿರುಗಿ ದನಿ ಎತ್ತಿದರು. "ವನೂ, ಯಾರೋ ಬಂದಾರ ನೋಡು. ಒಂದ ಕಪ್ ಚಹಾ ತೊಗೊಂಡ ಬಾ ಇವರಿಗೆ."

ಬಾಗಿಲಲ್ಲಿ ಕಸ್ತೂರಿ ಕಾಣಿಸಿಕೊಂಡಳು. ಕೈಯಲ್ಲಿ ಚಹಾದ ತಟ್ಟೆ ಇತ್ತು. ವನಮಾಲಾಳನ್ನು ನೋಡಿದ್ದೇ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಡಬ್ಬಿಯನ್ನು ನೆಲಕ್ಕಿಟ್ಟು ವನಮಾಲಾ ಅಮ್ಮನ ಎದುರು ಮಂಡಿಯೂರಿದಳು. ಬಸ್ಸಿನಲ್ಲಿ ಹೇಳಿಕೊಂಡ ಬುದ್ಧಿಯೆಲ್ಲ ಎಲ್ಲಿ ಹೋಯಿತೋ. "ಅವ್ವಾ, ಅಕಿ ಅಲ್ಲ. ನಾನು. ನಾ ವನೂ."

ಸುಂದರಾಬಾಯಿಯ ಹಣೆಯಲ್ಲಿ ಗೆರೆಗಳು ಮೂಡಿದವು. ಎಕ್ಸ್‌ಚೇಂಜಿನಲ್ಲಿ ಯಾರಾದರೂ ತಪ್ಪು ನಂಬರು ಕೇಳಿದಾಗ ಮಾತಾಡುತ್ತಿದ್ದ ಅದೇ ಮರ್ಯಾದೆಯ ದನಿಯಲ್ಲಿ ಹೇಳಿದರು. "ನೀವು ಬ್ಯಾರೆ ಯಾರನ್ನೋ ಹುಡುಕಾಕತ್ತೀರಿ ಅನಸ್ತೈತ್ರಿ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ."

ಮೊದಲೆಲ್ಲ ಅಮ್ಮ ಮರೆಯುತ್ತಿದ್ದಳು. ಮಂಜಿನೊಳಗೆ ಕಳೆದುಹೋದವಳು ಎಂದಾದರೂ ಒಂದು ಗಳಿಗೆ ಹೊರಬಂದಾಳು, ವನೂ ಎಂದಾಳು ಎಂಬ ಆಸೆ ಇತ್ತು. ಈಗ ಮಂಜೂ ಇರಲಿಲ್ಲ, ಮರೆವೂ ಇರಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಿತ್ತು. ವನಮಾಲಾ ಗೊತ್ತಿರಲಿಲ್ಲ.

ಗಾಜಿನ ಕೋಣೆಯಲ್ಲಿ ಡಾ. ಹಾವನೂರ, ಇಮ್ತಿಯಾಜ್, ಕಸ್ತೂರಿ ಮೂವರೂ ಕೂತಿದ್ದರು. ಪರದೆಯ ಮೇಲೆ ಇಮ್ತಿಯಾಜ್ ಹಳೆಯ ಸೆಷನ್ನುಗಳ ಗೆರೆಗಳನ್ನು ಒಂದೊಂದಾಗಿ ತೆರೆದ. ಎಲ್ಲವೂ ನೆಟ್ಟಗಿದ್ದವು. ಅಷ್ಟು ಚೆಂದದ ಗೆರೆಗಳನ್ನು ತೋರಿಸಿಯೇ ಅವನು ಎಷ್ಟೋ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದ.

"ಯಂತ್ರಕ್ಕ ಖರೇ ಯಾವುದು, ಸುಳ್ಳು ಯಾವುದು ಗೊತ್ತಾಗೂದಿಲ್ರಿ ಮೇಡಂ" ಎಂದ. "ಮನಸ್ಸು ಒಪ್ಪಿದ್ದನ್ನ ಕಟ್ಟತೈತಿ. ನಾವು ಒಪ್ಪಿಸಿದ್ವಿ, ಅದು ಕಟ್ಟಿತು."

"ಬರೇ ಇವರೊಬ್ಬರದ?" ಡಾಕ್ಟರು ಕೇಳಿದರು.

ಇಮ್ತಿಯಾಜ್ ಕಿಟಕಿಯ ಹೊರಗೆ ತೋರಿಸಿದ. ಗೇಟಿನ ಹತ್ತಿರ ನಿವೃತ್ತ ಪಿ.ಟಿ. ಮಾಸ್ತರ ಶಿವಲಿಂಗಪ್ಪ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಅವರ ತಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ತಮ್ಮ ಎಲ್ಲಿ ಎಂದು ಅವರು ಕೇಳಿದಾಗಲೆಲ್ಲ, ಟೋಪಿ ಹಾಕಿ ಕೂಡಿಸಿದಾಗಲೂ, ಕೇಂದ್ರದವರು "ಹುಬ್ಬಳ್ಳಿಗೆ ಹೋಗ್ಯಾರ, ಸಂಜೀಕ ಬರ್ತಾರ" ಎನ್ನುತ್ತಿದ್ದರು. ಮೊದಲಾದರೆ ಊಟದ ಹೊತ್ತಿಗೆ ಮರೆತುಬಿಡುತ್ತಿದ್ದ ಮಾಸ್ತರರು ಈಗ ಮರೆಯುವುದಿಲ್ಲ. ದಿನಾ ಸಂಜೆ ಗೇಟಿಗೆ ಬರುತ್ತಾರೆ. ತಮ್ಮ ನಿನ್ನೆಯೂ ಬರಲಿಲ್ಲ ಎಂಬುದೂ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅವರು ಚುರುಕಾಗಿದ್ದಾರೆ, ಸಂಜೆ ಅಡ್ಡಾಡುತ್ತಾರೆ ಎಂದು ಕೇಂದ್ರದವರು ಅದನ್ನೂ ಸುಧಾರಣೆಯ ಲೆಕ್ಕಕ್ಕೇ ಸೇರಿಸಿದ್ದರು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮಪ್ಪಗ ದಿನಾ ಒಂದ ಸಲ ದುಃಖ ಕೊಟ್ಟೆ. ದಿನಾ ಮರೀತಿದ್ದ. ಇವರಿಗೆ ಮರೀಲಾರದಂಥಾದ್ದು ಕೊಟ್ಟೀನಿ" ಎಂದರು.

"ಬಿಚ್ಚಾಕ ಬರೂದಿಲ್ಲೇನ ಇಮ್ತಿಯಾಜಣ್ಣ?" ಕಸ್ತೂರಿ ಕೇಳಿದಳು.

"ಸಡಿಲ ಮಾಡಬಹುದು. ಆದ್ರ ಒಂದ ಗಂಟಷ್ಟ ಬಿಚ್ಚಾಕ ಬರೂದಿಲ್ಲವ್ವಾ. ಮಗಳ ಎಲ್ಲಾ ನೆನಪೂ ನಿನ್ನ ಮುಖಕ್ಕ ಕಟ್ಟಿಕೊಂಡು ಕುಂತಾವ. ಆ ಮುಖ ಸಡಿಲ ಮಾಡಿದ್ರ ಕಾಲ್ಗೆಜ್ಜಿ, ದಡಾರ, ಪಾಟಿ ಎಲ್ಲಾ ಅದರ ಹಿಂದ ಹೋಗತಾವ. ತನಗೊಬ್ಬ ಮಗಳು ಹುಟ್ಟಿದ್ದಳು ಅನ್ನೂದು ಸೈತ ಉಳಿಯೂದಿಲ್ಲ."

ಇನ್ನೊಂದು ದಾರಿ ಉಳಿದಿತ್ತು. ಟೋಪಿ ಹಾಕಿಸಿ, ಕಸ್ತೂರಿಯೇ ಬಾಯಿಬಿಟ್ಟು ನಿಜ ಹೇಳುವುದು. ಸುಂದರಾಬಾಯಿ ಅವಳ ಮಾತನ್ನು ನಂಬುತ್ತಾರೆ, ನಂಬಿದರೆ ಆ ನಿಜವೂ ಗಂಟು ಬೀಳಬಹುದು. ಡಾ. ಹಾವನೂರ ತಾವೇ ಮಾಡಿದ ನಿಯಮವನ್ನು ಮೊದಲ ಬಾರಿ ಮುರಿಯಲು ಹೇಳಿದರು. ವನಮಾಲಾ ಗಾಜಿನ ಆಚೆ ಇಮ್ತಿಯಾಜನ ಪಕ್ಕ ನಿಂತಳು.

ಕಸ್ತೂರಿ ಸುಂದರಾಬಾಯಿಯ ಎರಡೂ ಕೈ ಹಿಡಿದುಕೊಂಡಳು. "ಅವ್ವಾ, ಒಂದ ಮಾತು. ಸಮಾಧಾನದ್ಲೆ ಕೇಳ್ರಿ. ನಾ ನಿಮ್ಮ ಮಗಳಲ್ರಿ. ನಾ ಇಲ್ಲಿ ನರ್ಸು, ಕಸ್ತೂರಿ ಅಂತ."

ಸುಂದರಾಬಾಯಿ ಮೊದಲು ನಕ್ಕರು. ಕಸ್ತೂರಿಯ ಮುಖದಲ್ಲಿ ನಗು ಕಾಣದಿದ್ದಾಗ ತಮ್ಮ ನಗುವನ್ನೂ ನಿಲ್ಲಿಸಿದರು.

"ಯಾಕ ವನೂ? ರೀ ಅಂತ ಯಾಕ ಮಾತಾಡ್ತಿ ನನ್ನ ಜೋಡಿ? ನಾ ಏನ ತಪ್ಪ ಮಾಡೀನಿ?" ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿದರು. "ಬ್ಯಾಸರ ಆತೇನ ನನ್ನ ಸಾಕಿ? ಬ್ಯಾಸರ ಆಗಿದ್ರ ಹೇಳು. ಮಗಳಲ್ಲ ಅಂತ ಮಾತ್ರ ಅನಬ್ಯಾಡ."

ಗೆರೆ ಎದ್ದು ಪರದೆಯ ಮೇಲಂಚಿಗೆ ಬಡಿಯಿತು. ಯಂತ್ರ ನಿಂತಿತು. ಸುಂದರಾಬಾಯಿ ಟೋಪಿಯನ್ನು ಕಿತ್ತು ಹಾಕಿ, ಕಸ್ತೂರಿಯ ಸೆರಗು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಕಸ್ತೂರಿ ಗಾಜಿನ ಕಡೆ ಒಮ್ಮೆ ನೋಡಿದಳು. ಆಚೆ ಯಾರು ನಿಂತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಆದರೂ ತಡೆದುಕೊಳ್ಳಲು ಆಗಲಿಲ್ಲ. "ಇಲ್ಲವ್ವಾ, ಇಲ್ಲ. ಚ್ಯಾಷ್ಟಿ ಮಾಡಿದೆ. ನಾ ನಿನ್ನ ವನೂನ ಹೌದು" ಎಂದು ತಬ್ಬಿಕೊಂಡಳು.

ಗಾಜಿನ ಆಚೆ ವನಮಾಲಾ ಮುಖ ತಿರುಗಿಸಿ ನಿಂತಳು.

ಅಂದು ಕಸ್ತೂರಿ ಕೇಂದ್ರದ ಹಿಂದಿನ ತನ್ನ ಕ್ವಾರ್ಟರ್ಸಿಗೆ ಹೋದಾಗ ಗಂಡ ಮಲ್ಲೇಶಿ ರೊಟ್ಟಿಯ ಹಂಚು ಇಳಿಸುತ್ತಿದ್ದ. ಅವನಿಗೆ ಬೆಳಗಾವಿಗೆ ವರ್ಗವಾಗಿತ್ತು. ಅವಳಿಗೂ ಅಲ್ಲಿ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ ಸಿಗುವುದರಲ್ಲಿತ್ತು. ಎಲ್ಲ ಕೇಳಿಕೊಂಡ ಮೇಲೆ ಅವನು, "ನೀ ಸುಮ್ನ ಕೆಲಸ ಮಾಡೀದಿ. ಹೌದು ಅನ್ನು ಅಂದ್ರು, ಅಂದಿ. ನಿಂದೇನ ತಪ್ಪು?" ಎಂದ.

"ಮೊದಲ ಮೊದಲ ಕೆಲಸ ಅಂತನ ಅಂದೆ" ಎಂದಳು ಕಸ್ತೂರಿ. "ಆಮ್ಯಾಲೆ ಅಕಿ ವನೂ ಅಂತ ಯಾವಾಗ ಕರೀತಾಳ ಅಂತ ದಾರಿ ಕಾಯಾಕ ಹತ್ತಿದೆ. ನಮ್ಮವ್ವ ಹೋದಾಗ ನಾ ಸಣ್ಣಾಕಿ. ನನಗ ಯಾರೂ ಹಂಗ ಕರದಿರಲಿಲ್ಲ. ಕರದ್ರು, ಓ ಅಂದೆ. ಇನ್ನೊಬ್ಬಾಕಿ ಅಲ್ಲೆ ಗದಗಿನ್ಯಾಗ ಕರಿ ಬರ್ತೈತಿ ಅಂತ ಕಾಯಾಕತ್ತಾಳ ಅನ್ನೂದು ನನ್ನ ತಲ್ಯಾಗ ಬರಲಿಲ್ಲ."

ಮಲ್ಲೇಶಿ ರೊಟ್ಟಿ ಮುರಿದು ತಟ್ಟೆಗೆ ಹಾಕಿದ. ಬೆಳಗಾವಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಅವಳಿನ್ನು ಆ ಕೇಂದ್ರ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ನಿರ್ಧಾರ ಮಾಡಬೇಕಾದವಳು ವನಮಾಲಾ. ಡಾ. ಹಾವನೂರ ತಾವೇ ಗದಗಿಗೆ ಹೋದರು. ಮೂಲಂಗಿ ಸೊಪ್ಪು ಬಿಡಿಸುತ್ತ ಕೂತಿದ್ದ ವನಮಾಲಾ ಎದ್ದು ಚಾಪೆ ಹಾಸಿದಳು. ಗೋಡೆಯ ಗೂಡಿನಲ್ಲಿ ಒಂದು ಹಳೆಯ ಕರಿ ಟೆಲಿಫೋನು ಇತ್ತು. ಸುಂದರಾಬಾಯಿ ನಿವೃತ್ತರಾದಾಗ ಜೊತೆಗಿದ್ದವರು ನೆನಪಿಗೆಂದು ಕೊಟ್ಟದ್ದು.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಸಡಿಲಿಸಿದರೆ ಅಮ್ಮನಿಗೆ ವನೂ ಎಂಬುವಳೇ ಇರುವುದಿಲ್ಲ. ಬಿಟ್ಟರೆ ವನೂ ಇರುತ್ತಾಳೆ, ಅವಳ ಮುಖ ಕಸ್ತೂರಿಯದು. ನಡುವಿನ ದಾರಿ ಇಲ್ಲ. "ನಾ ತಪ್ಪ ಮಾಡೀನ್ರಿ. ಸಮಾಧಾನ ಒಂದ ನೋಡಿದೆ. ಅದರ ಖರ್ಚ ನಿಮ್ಮ ಮ್ಯಾಲೆ ಬಿತ್ತು" ಎಂದರು.

ವನಮಾಲಾ ಸಿಟ್ಟಾಗಬಹುದಿತ್ತು. ಆಗಿದ್ದಳು ಕೂಡ. ಆ ದಿನಗಳಲ್ಲಿ ಅವಳು ಮನಸ್ಸಿನಲ್ಲೇ ಡಾಕ್ಟರನ್ನೂ ಕಸ್ತೂರಿಯನ್ನೂ ಅಂದದ್ದಕ್ಕೆ ಲೆಕ್ಕವಿರಲಿಲ್ಲ. ಆದರೆ ಈಗ ಎದುರಿಗೆ ಕೂತ ಹೆಂಗಸು ತನ್ನಷ್ಟೇ ಸೋತಿದ್ದಳು.

"ಬಚ್ಚಲಮನಿ ಬಾಗಲಾ ಹಾಕ್ಕೊಂಡು ಕುಂದರತಿದ್ಲು ಡಾಕ್ಟರ" ಎಂದಳು. "ನಾ ಹೊರಗ ನಿಂತು ನಾನವ್ವಾ ನಾನವ್ವಾ ಅಂತಿದ್ದೆ. ಒಳಗ ಅಕಿ ನಡಗತಿದ್ಲು. ತಿದ್ದಿದ್ರ ಸರಿ ಹೋಗ್ತೈತಿ ಅಂತ ತಿಳಿದಿದ್ದೆ. ಒಂದ ಸಂಜೀಕರೆ ಹೌದವ್ವಾ, ನಾ ನಿನ್ನ ತಂಗಿನ ಹೌದು ಅಂತ ಬಾಜೂಕ ಕುಂತಿದ್ರ ಏನ ಹೋಗ್ತಿತ್ತು ನಂದು?"

ಅವಳು ಮೂಲಂಗಿ ಸೊಪ್ಪಿನ ಕಡ್ಡಿಯೊಂದನ್ನು ಮುರಿದಳು.

"ಸಡಿಲ ಮಾಡಬ್ಯಾಡ್ರಿ. ಅಕಿ ತೊಡಿ ಮ್ಯಾಲೆ ಮಲಗಿದ ಕೂಸು ಅಕಿ ತಲ್ಯಾಗ ಇರಲಿ. ಮುಖ ಯಾರದರೆ ಆಗಲಿ." ಆಮೇಲೆ ಕೇಳಿದಳು. "ನಾ ಬಂದು ಭೆಟ್ಟಿ ಆಗಬಹುದಲ್ರಿ? ಬ್ಯಾರೆ ಯಾರೋ ಆಗಿ?"

ಮುಂದಿನ ಭಾನುವಾರ ಸುಂದರಾಬಾಯಿ ಟೋಪಿ ಹಾಕಿಕೊಂಡು ಕೂತಿದ್ದಾಗ ವನಮಾಲಾ ಒಳಗೆ ಬಂದಳು. ಯಂತ್ರ ನಿಲ್ಲಿಸಲೇ ಎಂದು ಇಮ್ತಿಯಾಜ್ ಮೊದಲೇ ಕೇಳಿದ್ದ. ಬೇಡ, ನಡೆಯಲಿ ಎಂದಿದ್ದಳು. ಯಾರೋ ಒಬ್ಬಳು ಬರುತ್ತಾಳೆ ಎಂಬ ನೆನಪಾದರೂ ಅಮ್ಮನಲ್ಲಿ ಉಳಿಯಬೇಕಿತ್ತು. ಬಾಗಿಲಲ್ಲಿ ನಿಂತು ಅವಳು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

"ಹ್ವಾದ ಸಲ ಬಂದಾಗ ಗಡಿಬಿಡಿ ಮಾಡಿದ್ನಿ. ಮನಸ್ಸಿನ್ಯಾಗ ಇಟಗೋಬ್ಯಾಡ್ರಿ" ಎಂದಳು.

"ಅಯ್ಯ, ಇರಲಿ ಬಿಡ್ರಿ. ಬಿಸಲಿನ ಝಳಕ್ಕ ಹಂಗ ಆಗತೈತಿ" ಎಂದರು ಸುಂದರಾಬಾಯಿ. "ನಿಮ್ಮ ಹೆಸರೇನ್ರಿ?"

ಮೂಲೆಯಲ್ಲಿ ಔಷಧದ ಹನಿ ಸರಿಮಾಡುತ್ತಿದ್ದ ಕಸ್ತೂರಿಯ ಕೈ ನಿಂತಿತು.

"ಕಸ್ತೂರಿ" ಎಂದಳು ವನಮಾಲಾ.

ಗೆರೆ ನೆಟ್ಟಗೆ ಓಡುತ್ತಿತ್ತು. ವನಮಾಲಾ ಡಬ್ಬಿ ತೆರೆದು ಕರಿಗಡಬು ಕೊಟ್ಟಳು. ಸುಂದರಾಬಾಯಿ ಒಂದು ತುಣುಕು ಬಾಯಿಗೆ ಹಾಕಿಕೊಂಡು ಅಗಿಯುತ್ತ ಸ್ವಲ್ಪ ಹೊತ್ತು ಯೋಚಿಸಿದರು.

"ಥೇಟ್ ನಮ್ಮನಿ ಕೈ ಐತಿ ನೋಡ್ರಿ" ಎಂದರು ಸುಂದರಾಬಾಯಿ. ಇನ್ನೇನೋ ಹೇಳುವವರಿದ್ದರು. ಹೇಳಲಿಲ್ಲ. ಇನ್ನೊಂದು ತೆಗೆದುಕೊಂಡರು. "ನಮ್ಮ ವನೂ ಇಕಿ. ಗದಗಿನ್ಯಾಗ ಗಣಿತದ ಟೀಚರ್ ಇದ್ಲು. ಭಾರಿ ಹೆಸರು. ನನಗ ಹಿಂಗಾದ ಮ್ಯಾಲೆ ಅಷ್ಟು ಛಲೋ ನೌಕರಿ ಬಿಟ್ಟು ಇಲ್ಲಿ ಬಂದು ನರ್ಸ್ ಕೆಲಸಕ್ಕ ಸೇರ್ಯಾಳ್ರಿ, ನನ್ನ ನೋಡಿಕೊಳ್ಳಾಕಂತನ. ಈಗಿನ ಕಾಲದಾಗ ಯಾ ಮಗಳು ಹಿಂಗ ಮಾಡ್ತಾಳ, ಹೇಳ್ರಿ?"

ನೌಕರಿ ಬಿಟ್ಟಿರದ, ಅಮ್ಮನನ್ನು ಕರೆತಂದು ಇಲ್ಲಿ ಬಿಟ್ಟು ಹೋದ, ಜೀವಮಾನವೆಲ್ಲ ತಪ್ಪು ಕಂಡಲ್ಲಿ ಸುಮ್ಮನಿರಲು ಬಾರದ ಗಣಿತದ ಟೀಚರ್ ತಲೆ ತಗ್ಗಿಸಿದಳು. "ಹೌದ್ರಿ. ಯಾರೂ ಮಾಡೂದಿಲ್ರಿ."

"ನಿಮ್ಮವ್ವ ಅದಾರೇನ್ರಿ?"

"ಅದಾರ್ರಿ."

"ಹೋಗಿ ಭೆಟ್ಟಿ ಆಗಿ ಬರ್ತೀರಿಲ್ಲೊ?"

"ಹೊಂಟೀನ್ರಿ. ಇನ್ನ ಮ್ಯಾಲೆ ವಾರಾ ವಾರಾ ಹೋಗ್ತೀನಿ."

ಸುಂದರಾಬಾಯಿ ಮುಂದೆ ಬಾಗಿ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟರು. ಬಹಳ ದಿನಗಳ ಮೇಲೆ ಆ ಕೈ ಅವಳನ್ನು ಮುಟ್ಟಿತ್ತು. ಅದರಲ್ಲಿ ನಡುಕವಿರಲಿಲ್ಲ. "ಇಲ್ಲಿ ಮಂದಿನ್ನ ನೋಡಿದ್ರ ಕರುಳ ಚುರ್ ಅಂತಾವ್ರಿ. ಹೊಟ್ಟ್ಯಾಗ ಹುಟ್ಟಿದ ಮಕ್ಕಳು ಮುಂದ ಬಂದು ನಿಂತ್ರೂ ಗುರುತ ಹಿಡಿಯೂದಿಲ್ಲ. ಅಂಥಾ ಕಷ್ಟ ಯಾರಿಗೂ ಬರಬಾರದು" ಎಂದರು. ಆಮೇಲೆ ಮೆಲ್ಲಗೆ, ನೋವಾದೀತೇನೋ ಎಂಬ ಅಳುಕಿನಿಂದ ಕೇಳಿದರು. "ನಿಮ್ಮವ್ವಗ ನಿಮ್ಮ ಗುರುತ ಸಿಗತೈತೇನ್ರಿ?"

ಗಾಜಿನ ಆಚೆ ಇಮ್ತಿಯಾಜ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಡಾ. ಹಾವನೂರ ಗೋಡೆಗೆ ಒರಗಿದರು. ಮೂಲೆಯಲ್ಲಿ ಕಸ್ತೂರಿ ಬೆನ್ನು ತಿರುಗಿಸಿ ನಿಂತಿದ್ದಳು.

ವನಮಾಲಾ ಅಮ್ಮನ ಕಣ್ಣುಗಳನ್ನು ನೋಡಿದಳು. ಸ್ವಚ್ಛವಾದ, ಕಾಳಜಿ ತುಂಬಿದ ಕಣ್ಣುಗಳು.

"ಹೌದ್ರಿ" ಎಂದಳು. "ಸಿಗತೈತ್ರಿ."

ಸುಂದರಾಬಾಯಿಗೆ ಸಮಾಧಾನವಾಯಿತು. ಗೆರೆ ಎಲ್ಲಿಯೂ ಅಲುಗಲಿಲ್ಲ. ಯಂತ್ರ ಆ ಮಾತನ್ನೂ ಗಂಟು ಹಾಕಿತು.